ಕ್ರೌರ್ಯದ ವ್ಯಾಖ್ಯೆ ಮತ್ತು ವಾಸದ ಹಕ್ಕು: ಭಾರತದ ಕೌಟುಂಬಿಕ ಕಾನೂನಿನಲ್ಲಿ ಗೃಹಹಿಂಸೆಯ ಚರಿತ್ರೆ

'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಮನೆಯೊಳಗಿನ ಕಲಹ ತಾನಾಗಿಯೇ ತಣಿಯುತ್ತದೆ, ಹೊರಗಿನವರು ಅದರಲ್ಲಿ ತಲೆಹಾಕಬೇಕಾಗಿಲ್ಲ ಎಂಬುದು ಅದರ ಆಶಯ. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬುದು ಅಷ್ಟೇ ಪ್ರಚಲಿತವಾದ ಇನ್ನೊಂದು ಮಾತು. ಮೊದಲನೆಯದು ಗಂಡನ ಮನೆಯ ಬಾಗಿಲನ್ನು ಹೊರಗಿನವರಿಗೆ ಮುಚ್ಚಿದರೆ, ಎರಡನೆಯದು ತವರಿನ ಬಾಗಿಲನ್ನು ಮಗಳಿಗೆ ಮುಚ್ಚುತ್ತದೆ. ಈ ಎರಡು ಬಾಗಿಲುಗಳ ನಡುವೆ ಸಿಲುಕಿದ ಹೆಣ್ಣಿನ ಸ್ಥಿತಿಯನ್ನು ಕಾನೂನು ಯಾವಾಗ, ಯಾವ ಹೆಸರಿನಿಂದ ಗುರುತಿಸಿತು ಎಂಬುದು ಆಧುನಿಕ ಭಾರತದ ಸಾಮಾಜಿಕ ಚರಿತ್ರೆಯ ಮುಖ್ಯ ಪ್ರಶ್ನೆಗಳಲ್ಲಿ ಒಂದು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ವ್ಯಾಖ್ಯೆಯ ವಿಸ್ತರಣೆಯ ಕಥನವಾಗಿ ನಿರೂಪಿಸಲಾಗುತ್ತದೆ. ದೈಹಿಕ ಹಲ್ಲೆಯಿಂದ ಮಾನಸಿಕ ಕ್ರೌರ್ಯಕ್ಕೆ, ಅಲ್ಲಿಂದ ಆರ್ಥಿಕ ಹಾಗೂ ಲೈಂಗಿಕ ದೌರ್ಜನ್ಯಕ್ಕೆ ಕಾನೂನಿನ ದೃಷ್ಟಿ ಹಂತಹಂತವಾಗಿ ಹಿಗ್ಗಿತು ಎಂಬುದು ಆ ನಿರೂಪಣೆಯ ಸಾರ. ಅದು ಸುಳ್ಳಲ್ಲ, ಆದರೆ ಅಪೂರ್ಣ. ನ್ಯಾಯಾಲಯಗಳು ಹಿಂಸೆಯನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸಿದವುಗಳಲ್ಲ. ಹೆಂಡತಿಯನ್ನು ಗಂಡನ ಬಳಿಗೆ ಮರಳಿ ಕಳುಹಿಸಬೇಕೆ, ಆಕೆ ಬೇರೆಯಾಗಿ ಇರಬಹುದೆ, ಆತನನ್ನು ಶಿಕ್ಷಿಸಬೇಕೆ, ಆಕೆ ಆ ಮನೆಯಲ್ಲಿಯೇ ಉಳಿಯಬಹುದೆ ಎಂಬ ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಿಸುವಾಗ ವ್ಯಾಖ್ಯೆಗಳು ಮೂಡಿಬಂದವು. ಪ್ರಶ್ನೆ ಬದಲಾದಂತೆ ವ್ಯಾಖ್ಯೆಯೂ ಬದಲಾಯಿತು. ಈ ನಾಲ್ಕು ಪ್ರಶ್ನೆಗಳ ಹಿನ್ನೆಲೆಯಲ್ಲಿ ಕೌಟುಂಬಿಕ ದೌರ್ಜನ್ಯ ಕುರಿತ ಭಾರತೀಯ ಕಾನೂನಿನ ಬೆಳವಣಿಗೆಯನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಮರಳಿ ಕಳುಹಿಸುವ ಕಾನೂನು

ವಸಾಹತು ಕಾಲದ ನ್ಯಾಯಾಲಯಗಳಲ್ಲಿ ಗಂಡನ ಹಿಂಸೆ ಬಹುಮಟ್ಟಿಗೆ ಹೆಂಡತಿಯ ದೂರಾಗಿ ಬರಲಿಲ್ಲ, ಗಂಡ ಹೂಡಿದ ದಾವೆಗೆ ಆಕೆ ಕೊಟ್ಟ ಉತ್ತರವಾಗಿ ಬಂದಿತು. ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ ಎಂಬ ದಾವೆಯ ಮೂಲ ಇಂಗ್ಲೆಂಡಿನ ಚರ್ಚ್ ನ್ಯಾಯಾಲಯಗಳಲ್ಲಿದೆ. ಧರ್ಮಶಾಸ್ತ್ರಗಳಲ್ಲಾಗಲಿ ಇಸ್ಲಾಮಿಕ್ ನ್ಯಾಯಶಾಸ್ತ್ರದಲ್ಲಾಗಲಿ ಇದೇ ರೂಪದ ವ್ಯವಹಾರವೊಂದು ಇರಲಿಲ್ಲ. ಮುನ್ಷಿ ಬಜ್ಲೂರ್ ರಹೀಮ್ ಮತ್ತು ಶಂಸುನ್ನೀಸಾ ಬೇಗಂ ಅವರ ಮೊಕದ್ದಮೆಯಲ್ಲಿ 1867ರಲ್ಲಿ ಪ್ರಿವಿ ಕೌನ್ಸಿಲ್ ನೀಡಿದ ತೀರ್ಪು ಈ ದಾವೆಯನ್ನು ಭಾರತದ ಸಿವಿಲ್ ನ್ಯಾಯಾಲಯಗಳಲ್ಲಿ ಭದ್ರಪಡಿಸಿತು. ಆ ಮೊಕದ್ದಮೆಯಲ್ಲಿ ಹೆಂಡತಿಯ ಸ್ವಂತ ಆಸ್ತಿಯನ್ನು ಗಂಡ ತನ್ನ ವಶಕ್ಕೆ ತೆಗೆದುಕೊಂಡಿದ್ದ ಎಂಬ ವಿವಾದವೂ ಜೊತೆಗೂಡಿತ್ತು. ಗಂಡನ ಅಧೀನಕ್ಕೆ ಮರಳುವುದು ಆಕೆಗೆ ಅಪಾಯಕರವಾಗುವಷ್ಟು ಕ್ರೌರ್ಯ ನಡೆದಿದ್ದರೆ ನ್ಯಾಯಾಲಯ ಆಕೆಯನ್ನು ಕಳುಹಿಸಲು ನಿರಾಕರಿಸಬಹುದು ಎಂದು ಪ್ರಿವಿ ಕೌನ್ಸಿಲ್ ಒಪ್ಪಿತು. ಕ್ರೌರ್ಯದ ಪರಿಕಲ್ಪನೆ ಭಾರತದ ವೈವಾಹಿಕ ಕಾನೂನಿನೊಳಗೆ ಪ್ರವೇಶಿಸಿದ್ದು ಹೀಗೆ, ಒಂದು ಹಕ್ಕಾಗಿ ಅಲ್ಲ, ಒಂದು ಪ್ರತಿವಾದವಾಗಿ.

ಆ ಕ್ರೌರ್ಯದ ಅಳತೆಗೋಲೂ ಇಂಗ್ಲೆಂಡಿನಿಂದಲೇ ಬಂದಿತು. 1790ರ ಇವಾನ್ಸ್ ಪ್ರಕರಣದಲ್ಲಿ ಮುಂದೆ ಲಾರ್ಡ್ ಸ್ಟೋವೆಲ್ ಎನಿಸಿದ ಸರ್ ವಿಲಿಯಂ ಸ್ಕಾಟ್ ಅವರು ಪ್ರಾಣ, ಅಂಗ ಅಥವಾ ಆರೋಗ್ಯಕ್ಕೆ ಒದಗುವ ಅಪಾಯವನ್ನು ಕ್ರೌರ್ಯದ ಗುರುತಾಗಿ ನಿಗದಿಪಡಿಸಿದ್ದರು. ಒರಟು ಸ್ವಭಾವ, ಬಿರುನುಡಿ, ಸೌಜನ್ಯದ ಕೊರತೆ ಇವು ಅದರ ವ್ಯಾಪ್ತಿಗೆ ಸೇರಿರಲಿಲ್ಲ. 1876ರ ಯಮುನಾಬಾಯಿ ಪ್ರಕರಣದಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯ ಹಿಂದೂ ದಂಪತಿಗಳಿಗೂ ಇದೇ ಅಳತೆಯನ್ನು ಅನ್ವಯಿಸಿತು. ದೇಹ ಮತ್ತು ಆರೋಗ್ಯಕ್ಕೆ ನಿಜವಾದ ಅಪಾಯ ಕಂಡುಬರದಿದ್ದರೆ ಹೆಂಡತಿ ಮರಳಲೇಬೇಕಾಗಿತ್ತು.

ಈ ಕಾನೂನಿನ ಕಟುತ್ವ ಸಾರ್ವಜನಿಕವಾಗಿ ಪ್ರಕಟವಾದದ್ದು ರುಖ್ಮಾಬಾಯಿ ಅವರ ಮೊಕದ್ದಮೆಯಲ್ಲಿ. ಬಾಲ್ಯದಲ್ಲಿಯೇ ವಿವಾಹವಾಗಿದ್ದ ಆಕೆ ಗಂಡನೊಡನೆ ಸಂಸಾರ ಮಾಡಿರಲಿಲ್ಲ. ದಾದಾಜಿ ಭಿಕಾಜಿ 1884ರಲ್ಲಿ ದಾವೆ ಹೂಡಿದರು. 1885ರಲ್ಲಿ ನ್ಯಾಯಮೂರ್ತಿ ಪಿನ್ಹೆ ಅದನ್ನು ವಜಾ ಮಾಡಿದರೂ ಮರುವರ್ಷ ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. 1887ರ ಮಾರ್ಚ್‌ನಲ್ಲಿ, ಗಂಡನ ಮನೆಗೆ ಹೋಗಬೇಕು, ಇಲ್ಲವೇ ಆರು ತಿಂಗಳ ಸೆರೆವಾಸ ಅನುಭವಿಸಬೇಕು ಎಂಬ ಆದೇಶ ಹೊರಬಿದ್ದಿತು. ಸೆರೆವಾಸಕ್ಕೆ ಸಿದ್ಧ ಎಂದು ಆಕೆ ತಿಳಿಸಿದರು. 1888ರಲ್ಲಿ 2000 ರೂಪಾಯಿಗಳ ಪಾವತಿಯೊಂದಿಗೆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ರುಖ್ಮಾಬಾಯಿ ಲಂಡನ್ನಿಗೆ ತೆರಳಿ ವೈದ್ಯೆಯಾಗಿ ಹಿಂದಿರುಗಿದರು. ಈ ಮೊಕದ್ದಮೆಯಲ್ಲಿ ಹಲ್ಲೆಯ ಆರೋಪವೇ ಪ್ರಧಾನವಾಗಿರಲಿಲ್ಲ. ಒಪ್ಪದ ಹೆಣ್ಣನ್ನು ಒಂದು ಮನೆಯೊಳಗೆ ಸೇರಿಸುವುದು ಸ್ವತಃ ಬಲಾತ್ಕಾರವೆಂದು ಕಾನೂನು ಪರಿಗಣಿಸಿರಲಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಇಂತಹ ಡಿಕ್ರಿಗಾಗಿ ಹೆಂಡತಿಯನ್ನು ಸೆರೆಗೆ ಹಾಕುವ ಅವಕಾಶ ಸಿವಿಲ್ ಪ್ರಕ್ರಿಯಾ ಸಂಹಿತೆಯಿಂದ ತೆಗೆದುಹಾಕಲ್ಪಟ್ಟದ್ದು 1923ರಲ್ಲಿ. ದಾವೆ ಮಾತ್ರ ಉಳಿಯಿತು. 1955ರ ಹಿಂದೂ ವಿವಾಹ ಅಧಿನಿಯಮದ 9ನೆಯ ಕಲಂ ಅದಕ್ಕೆ ಶಾಸನದ ರೂಪವನ್ನೂ ಕೊಟ್ಟಿತು. ಈ ಕಲಂ ಸಂವಿಧಾನಬಾಹಿರವೆಂದು ಆಂಧ್ರಪ್ರದೇಶ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಿ.ಎ. ಚೌಧರಿ 1983ರಲ್ಲಿ ಸಾರಿದರು. ಆದರೆ 1984ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದರ ಸಿಂಧುತ್ವವನ್ನು ಎತ್ತಿಹಿಡಿಯಿತು.

2. ಬೇರೆಯಾಗಿ ಇರುವ ಹಕ್ಕು

ಇಪ್ಪತ್ತನೆಯ ಶತಮಾನದ ಮೂವತ್ತರ ದಶಕದಿಂದ ಎರಡನೆಯ ಪ್ರಶ್ನೆ ಮುನ್ನೆಲೆಗೆ ಬಂದಿತು. ಪ್ರತಿವಾದದ ಸ್ಥಾನದಿಂದ ಹೊರಬಂದು, ಹೆಂಡತಿ ತಾನೇ ಪರಿಹಾರ ಕೋರಲು ಕ್ರೌರ್ಯ ಆಧಾರವಾಗತೊಡಗಿತು. ಈ ಬದಲಾವಣೆಯಲ್ಲಿ ಅತ್ಯಂತ ಗಮನಾರ್ಹವಾದ ಶಾಸನ 1939ರ ಮುಸ್ಲಿಂ ವಿವಾಹ ವಿಚ್ಛೇದನ ಅಧಿನಿಯಮ. ಕೇಂದ್ರ ಶಾಸನ ಸಭೆಯಲ್ಲಿ ಖಾಜಿ ಮೊಹಮ್ಮದ್ ಅಹ್ಮದ್ ಕಾಜ್ಮಿ ಮಂಡಿಸಿದ ವಿಧೇಯಕದಿಂದ ರೂಪುಗೊಂಡ ಈ ಕಾಯಿದೆಯ 2ನೆಯ ಕಲಂ, ಗಂಡ ಹೆಂಡತಿಯನ್ನು ರೂಢಿಯಾಗಿ ಹೊಡೆಯುವುದನ್ನು ಮಾತ್ರವಲ್ಲದೆ, ದೈಹಿಕ ಹಿಂಸೆಯ ಮಟ್ಟ ಮುಟ್ಟದ ನಡವಳಿಕೆಯಿಂದ ಆಕೆಯ ಬದುಕನ್ನು ದುಃಖಮಯಗೊಳಿಸುವುದನ್ನೂ ಕ್ರೌರ್ಯವೆಂದು ಕರೆಯಿತು. ಆಕೆಯ ಆಸ್ತಿಯನ್ನು ಪರಭಾರೆ ಮಾಡುವುದು, ಆ ಆಸ್ತಿಯ ಮೇಲಿನ ಹಕ್ಕು ಚಲಾಯಿಸದಂತೆ ತಡೆಯುವುದು, ಆಕೆಯ ಧಾರ್ಮಿಕ ಆಚರಣೆಗೆ ಅಡ್ಡಿಪಡಿಸುವುದು ಇವುಗಳೂ ಅದರ ಪಟ್ಟಿಯಲ್ಲಿದ್ದವು. ಇಂದು ಆರ್ಥಿಕ ದೌರ್ಜನ್ಯವೆಂದು ಕರೆಯಲಾಗುವ ವರ್ತನೆಯನ್ನು ಭಾರತದ ಶಾಸನವೊಂದು 1939ರಲ್ಲಿಯೇ ಹೆಸರಿಸಿತ್ತು. ಶಂಸುನ್ನೀಸಾ ಬೇಗಂ ಅವರ ಮೊಕದ್ದಮೆಯಲ್ಲಿ ಆಸ್ತಿ ವಿವಾದವೂ ದಾಂಪತ್ಯ ವಿವಾದವೂ ಬೇರೆಬೇರೆಯಾಗಿ ವಿಚಾರಣೆಗೊಳಗಾಗಿದ್ದನ್ನು ನೆನೆದರೆ ಈ ಕಾಯಿದೆಯ ಮಹತ್ವ ತಿಳಿಯುತ್ತದೆ.

ಅದೇ ದಶಕದಲ್ಲಿ ಮೈಸೂರು ಸಂಸ್ಥಾನ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಜಾರಿಗೆ ತಂದು, ಆಸ್ತಿ, ದತ್ತಕ ಹಾಗೂ ಜೀವನಾಂಶಗಳ ವಿಷಯದಲ್ಲಿ ಬ್ರಿಟಿಷ್ ಭಾರತಕ್ಕಿಂತ ಮುಂದೆ ನಡೆದಿತ್ತು. ಬ್ರಿಟಿಷ್ ಭಾರತದಲ್ಲಿ ಹಿಂದೂ ವಿವಾಹಿತೆಯರ ಪ್ರತ್ಯೇಕ ವಾಸ ಮತ್ತು ಜೀವನಾಂಶದ ಕಾಯಿದೆ ಬಂದದ್ದು 1946ರಲ್ಲಿ. ಗಂಡನೊಡನೆ ಬದುಕುವುದು 'ಅಪಾಯಕರ ಅಥವಾ ಅನಪೇಕ್ಷಣೀಯ' ಆಗುವಂತಹ ಕ್ರೌರ್ಯವಿದ್ದರೆ ಹೆಂಡತಿ ಬೇರೆಯಾಗಿದ್ದು ಜೀವನಾಂಶ ಪಡೆಯಬಹುದೆಂದು ಅದು ವಿಧಿಸಿತು. ಎರಡನೆಯ ಪದ ಇಲ್ಲಿ ಮುಖ್ಯ. ಅಪಾಯವನ್ನು ವೈದ್ಯರು ಅಳೆಯಬಲ್ಲರು. ಅನಪೇಕ್ಷಣೀಯತೆಯನ್ನು ಅರಿಯಬೇಕಾದರೆ ಹೆಂಡತಿಯ ಬದುಕನ್ನೇ ನೋಡಬೇಕಾಗುತ್ತದೆ.

1955ರ ಹಿಂದೂ ವಿವಾಹ ಅಧಿನಿಯಮ ಈ ದಾರಿಯಲ್ಲಿ ಒಂದು ಹೆಜ್ಜೆ ಹಿಂದೆ ಸರಿಯಿತೆನ್ನಬಹುದು. ಅದರ ಮೂಲಪಾಠದಲ್ಲಿ ಕ್ರೌರ್ಯ ವಿಚ್ಛೇದನಕ್ಕೆ ಆಧಾರವಾಗಿರಲಿಲ್ಲ, ನ್ಯಾಯಿಕ ಪ್ರತ್ಯೇಕತೆಗೆ ಮಾತ್ರ ಆಧಾರವಾಗಿತ್ತು. ಅದಕ್ಕೂ ಜೊತೆಯಲ್ಲಿ ಬಾಳುವುದು ಹಾನಿಕರವೆಂಬ ಯುಕ್ತ ಭಯ ಅರ್ಜಿದಾರರ ಮನಸ್ಸಿನಲ್ಲಿ ಹುಟ್ಟಿರಬೇಕಾಗಿತ್ತು. ಕ್ರೈಸ್ತರಿಗೆ ಅನ್ವಯವಾಗುತ್ತಿದ್ದ 1869ರ ವಿಚ್ಛೇದನ ಕಾಯಿದೆಯ ಸ್ಥಿತಿ ಇನ್ನೂ ಕಠಿಣವಾಗಿತ್ತು. ಹೆಂಡತಿಯ ವ್ಯಭಿಚಾರವೊಂದೇ ಗಂಡನಿಗೆ ಸಾಕಾಗಿದ್ದರೆ, ಹೆಂಡತಿಯು ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯ ಅಥವಾ ಪರಿತ್ಯಾಗವನ್ನೂ ಸಾಬೀತುಪಡಿಸಬೇಕಾಗಿತ್ತು. ಈ ತಾರತಮ್ಯ ನೀಗಿದ್ದು 2001ರ ತಿದ್ದುಪಡಿಯಿಂದ.

ಹಿಂದೂ ಕಾನೂನಿನಲ್ಲಿ ತಿರುವು ಬಂದದ್ದು ಎಪ್ಪತ್ತರ ದಶಕದಲ್ಲಿ. 1975ರ ದಾಸ್ತಾನೆ ಪ್ರಕರಣದಲ್ಲಿ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರು, ಕ್ರೌರ್ಯವನ್ನು ಅಪರಾಧ ಪ್ರಕರಣದಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಾಗಿಲ್ಲ, ಸಂಭಾವ್ಯತೆಯ ತೂಕ ಸಾಕು ಎಂದರು. ಪ್ರಾಣ, ಅಂಗ, ಆರೋಗ್ಯಗಳ ಇಂಗ್ಲಿಷ್ ಸೂತ್ರ ಭಾರತದ ಶಾಸನಕ್ಕೆ ಅನ್ವಯಿಸದೆಂದೂ ಸ್ಪಷ್ಟಪಡಿಸಿದರು. ಆ ಪ್ರಕರಣದಲ್ಲಿ ಕ್ರೌರ್ಯದ ಆರೋಪ ಹೊತ್ತವಳು ಹೆಂಡತಿ ಎಂಬುದನ್ನು ಗಮನಿಸಬೇಕು. ಮಾನಸಿಕ ಕ್ರೌರ್ಯದ ಭಾರತೀಯ ಪರಿಕಲ್ಪನೆಯ ಒಂದು ದೊಡ್ಡ ಭಾಗ ಗಂಡಂದಿರು ಹೂಡಿದ ಮೊಕದ್ದಮೆಗಳಲ್ಲಿ ಬೆಳೆಯಿತು. 1976ರ ತಿದ್ದುಪಡಿ ಕ್ರೌರ್ಯವನ್ನು ವಿಚ್ಛೇದನದ ಆಧಾರವಾಗಿಸಿ, ಯುಕ್ತ ಭಯದ ಷರತ್ತನ್ನು ಕೈಬಿಟ್ಟಿತು.

ಈ ವಿಸ್ತರಣೆಯನ್ನು ಹೆಂಡತಿಯ ಅನುಭವದ ಕಡೆಗೆ ತಿರುಗಿಸಿದ ತೀರ್ಪುಗಳಲ್ಲಿ ಶೋಭಾರಾಣಿ ಪ್ರಕರಣದ್ದು ಮುಖ್ಯ ಸ್ಥಾನ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿ ಅವರು 1987ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಈ ತೀರ್ಪು ಬರೆದರು. ಅನುಕೂಲಸ್ಥ ಹೆಂಡತಿಯಿಂದ ಗಂಡ ಹಣ ಕೇಳುವುದರಲ್ಲಿ ತಪ್ಪೇನಿಲ್ಲ ಎಂದು ಕೆಳಗಿನ ನ್ಯಾಯಾಲಯ ಭಾವಿಸಿತ್ತು. ವರದಕ್ಷಿಣೆಯ ಬೇಡಿಕೆಯನ್ನು ಕಾನೂನೇ ನಿಷೇಧಿಸಿರುವಾಗ ಆ ಬೇಡಿಕೆ ಸ್ವತಃ ಕ್ರೌರ್ಯವಾಗುತ್ತದೆ, ನೋಯಿಸುವ ಉದ್ದೇಶವಿತ್ತೆಂದು ಪ್ರತ್ಯೇಕವಾಗಿ ತೋರಿಸಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಇಷ್ಟಾದರೂ ಈ ಇಡೀ ಹಂತದಲ್ಲಿ ಕಾನೂನು ನೀಡುತ್ತಿದ್ದ ಪರಿಹಾರ ಒಂದೇ ಬಗೆಯದು: ಹಿಂಸೆಗೊಳಗಾದವಳು ಮನೆ ಬಿಟ್ಟು ಹೋಗಬಹುದು. ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗೆ ಜೀವನಾಂಶದ ಆದೇಶದ ಹೊರತು ಬೇರೆ ಉತ್ತರವಿರಲಿಲ್ಲ.

3. ಶಿಕ್ಷೆಯ ದಾರಿ

1979ರಿಂದೀಚೆಗೆ ದೆಹಲಿ ಮೊದಲಾದ ನಗರಗಳಲ್ಲಿ ವರದಕ್ಷಿಣೆ ಸಾವುಗಳ ವಿರುದ್ಧ ಮಹಿಳಾ ಸಂಘಟನೆಗಳು ಬೀದಿಗಿಳಿದವು. ಬೆಂಗಳೂರಿನಲ್ಲಿ 'ವಿಮೋಚನಾ' ಸಂಘಟನೆ ಹುಟ್ಟಿದ್ದೂ 1979ರಲ್ಲಿಯೇ. ಅಡುಗೆಮನೆಯ ಸ್ಟೌ ಸ್ಫೋಟವೆಂದೋ ಆತ್ಮಹತ್ಯೆಯೆಂದೋ ದಾಖಲಾಗುತ್ತಿದ್ದ ಎಳೆಯ ವಯಸ್ಸಿನ ವಿವಾಹಿತೆಯರ ಸಾವುಗಳನ್ನು ಕೊಲೆಯ ಸಂಶಯದಿಂದ ನೋಡಬೇಕೆಂಬುದು ಈ ಚಳವಳಿಗಳ ಒತ್ತಾಯವಾಗಿತ್ತು. ಅದರ ಫಲವಾಗಿ 1983ರ ಡಿಸೆಂಬರ್ 25ರಿಂದ ಭಾರತೀಯ ದಂಡ ಸಂಹಿತೆಗೆ 498ಎ ಕಲಂ ಸೇರ್ಪಡೆಯಾಯಿತು. ಗಂಡ ಅಥವಾ ಆತನ ಬಂಧುಗಳ ಕ್ರೌರ್ಯಕ್ಕೆ ಮೂರು ವರ್ಷಗಳವರೆಗಿನ ಸೆರೆವಾಸವನ್ನು ಅದು ವಿಧಿಸಿತು. 1986ರಲ್ಲಿ ವರದಕ್ಷಿಣೆ ಸಾವನ್ನು ಕುರಿತ 304ಬಿ ಕಲಂ ಬಂದಿತು. ಮನೆಯೊಳಗಿನ ಹಿಂಸೆ ಖಾಸಗಿ ಸಂಗತಿಯಲ್ಲ, ಪ್ರಭುತ್ವ ಶಿಕ್ಷಿಸಬೇಕಾದ ಅಪರಾಧ ಎಂಬ ಘೋಷಣೆ ಇದರಲ್ಲಿತ್ತು.

ಆದರೆ 498ಎ ಕಲಮಿನ ವಿವರಣೆಯನ್ನು ಓದಿದರೆ ಒಂದು ವಿಪರ್ಯಾಸ ಕಾಣುತ್ತದೆ. ಆತ್ಮಹತ್ಯೆಗೆ ದೂಡುವಂತಹ ಅಥವಾ 'ಪ್ರಾಣ, ಅಂಗ ಅಥವಾ ಆರೋಗ್ಯಕ್ಕೆ' ತೀವ್ರ ಹಾನಿ ಇಲ್ಲವೇ ಅಪಾಯ ಉಂಟುಮಾಡುವಂತಹ ಉದ್ದೇಶಪೂರ್ವಕ ನಡವಳಿಕೆಯನ್ನು ಅದು ಕ್ರೌರ್ಯದ ಮೊದಲ ರೂಪವೆಂದು ಹೇಳುತ್ತದೆ. ಆರೋಗ್ಯವೆಂಬಲ್ಲಿ ಮಾನಸಿಕ ಆರೋಗ್ಯವೂ ಸೇರಿದೆ. ಎರಡನೆಯ ರೂಪ ಆಸ್ತಿ ಅಥವಾ ಹಣಕ್ಕಾಗಿ ಕೊಡುವ ಕಿರುಕುಳ. ದಾಸ್ತಾನೆ ಪ್ರಕರಣದಲ್ಲಿ ಸಿವಿಲ್ ಕಾನೂನು ಕೈಬಿಟ್ಟಿದ್ದ 1790ರ ಸೂತ್ರ ಎಂಟು ವರ್ಷಗಳಲ್ಲಿ ದಂಡ ಸಂಹಿತೆಯೊಳಗೆ ಮರಳಿ ಬಂದಿತು. ಅಪರಾಧದ ವ್ಯಾಖ್ಯೆ ಬಿಗಿಯಾಗಿರಬೇಕೆಂಬುದು ಸಹಜವೇ. ಆದರೆ ದಿನನಿತ್ಯದ ಬೈಗುಳ, ಅನ್ನ ಬಟ್ಟೆಗಳ ನಿರಾಕರಣೆ, ಮನೆಯಿಂದ ಹೊರಗೆ ಹಾಕುವ ಬೆದರಿಕೆ ಇವುಗಳಲ್ಲಿ ಬಹುಪಾಲು ಈ ಎರಡು ರೂಪಗಳ ನಡುವಣ ಅಂತರದಲ್ಲಿ ಉಳಿದವು.

ಮುಂದಿನ ದಶಕಗಳಲ್ಲಿ ಈ ಕಲಮಿನ ಚರ್ಚೆ ಹೆಚ್ಚಾಗಿ ದುರುಪಯೋಗದ ಸುತ್ತ ತಿರುಗಿತು. ಕರ್ನಾಟಕದ ನಿವೃತ್ತ ಮುಖ್ಯ ನ್ಯಾಯಮೂರ್ತಿ ವಿ.ಎಸ್. ಮಳೀಮಠ ಅವರ ಅಧ್ಯಕ್ಷತೆಯ ಸಮಿತಿ 2003ರ ತನ್ನ ವರದಿಯಲ್ಲಿ ಈ ಅಪರಾಧವನ್ನು ಜಾಮೀನೀಯವೂ ರಾಜಿಗೆ ಅರ್ಹವೂ ಆಗಿಸಬೇಕೆಂದು ಶಿಫಾರಸು ಮಾಡಿತು. ಮಹಿಳಾ ಸಂಘಟನೆಗಳು ಅದನ್ನು ವಿರೋಧಿಸಿದವು. 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಯಾಂತ್ರಿಕ ಬಂಧನಕ್ಕೆ ತಡೆಯೊಡ್ಡಿತು. 2017ರಲ್ಲಿ ದೂರುಗಳನ್ನು ಮೊದಲು ಕುಟುಂಬ ಕಲ್ಯಾಣ ಸಮಿತಿಗಳ ಪರಿಶೀಲನೆಗೆ ಒಪ್ಪಿಸುವಂತೆ ಕೊಟ್ಟ ನಿರ್ದೇಶನವನ್ನು ಮರುವರ್ಷ ಅದೇ ನ್ಯಾಯಾಲಯ ಹಿಂತೆಗೆದುಕೊಂಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಅಪರಾಧ 85 ಮತ್ತು 86ನೆಯ ಕಲಂಗಳಾಗಿ ಉಳಿದುಬಂದಿದೆ.

ಈ ವಾದವಿವಾದಗಳ ನಡುವೆ ಮರೆಯಾದ ಒಂದು ಅಂಶವಿದೆ. ದೂರು ಕೊಟ್ಟ ಹೆಂಡತಿಗೆ ಅದೇ ದಿನ ರಾತ್ರಿ ತಂಗಲು ಸ್ಥಳ ಬೇಕು. ದಂಡ ಸಂಹಿತೆ ಗಂಡನನ್ನು ಠಾಣೆಗೆ ಕರೆತರಬಲ್ಲದು. ಹೆಂಡತಿಗೆ ಮನೆಯ ಬಾಗಿಲು ತೆರೆಸಲಾರದು. ಬದುಕಿನ ಆಸರೆ ತಪ್ಪಿಹೋಗುವ ಭಯದಿಂದ ದೂರು ಕೊಡದಿರುವುದು, ಕೊಟ್ಟ ದೂರನ್ನು ಹಿಂತೆಗೆದುಕೊಳ್ಳುವುದು ಇವನ್ನು ಸುಳ್ಳುದೂರಿನ ಸಾಕ್ಷ್ಯವೆಂದು ಓದುವುದಕ್ಕೆ ಮೊದಲು ಈ ಕೊರತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. 1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮವೂ ಈ ಕೊರತೆಯನ್ನು ತುಂಬಲಿಲ್ಲ. ವಿಧಿವಿಧಾನಗಳನ್ನು ಸರಳಗೊಳಿಸಿದ ಆ ಕಾಯಿದೆ ರಾಜಿಸಂಧಾನವನ್ನು ನ್ಯಾಯಾಲಯದ ಕರ್ತವ್ಯವಾಗಿಸಿತು. ಹಿಂಸೆ ನಡೆದಿರುವ ಮನೆಯಲ್ಲಿ ರಾಜಿಯೆಂದರೆ ಹಲವೊಮ್ಮೆ 1867ರ ಮೊದಲ ಪ್ರಶ್ನೆಗೇ ಹಿಂದಿರುಗಿದಂತಾಗುತ್ತಿತ್ತು.

4. ಉಳಿಯುವ ಹಕ್ಕು

ಭಾರತ 1993ರಲ್ಲಿ ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿರ್ಮೂಲನಾ ಒಡಂಬಡಿಕೆಯನ್ನು ಸ್ಥಿರೀಕರಿಸಿತು. ಅದೇ ದಶಕದಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಪ್ರತ್ಯೇಕವಾದ ಸಿವಿಲ್ ಕಾನೂನು ಬೇಕೆಂಬ ಬೇಡಿಕೆ ಬಲಗೊಂಡಿತು. ಲಾಯರ್ಸ್ ಕಲೆಕ್ಟಿವ್ ಸಂಸ್ಥೆ ಕರಡನ್ನು ಸಿದ್ಧಪಡಿಸಿತು. ಆದರೆ 2002ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಮಂಡಿಸಿದ ವಿಧೇಯಕ ಬೇರೆಯದಾಗಿತ್ತು. 'ರೂಢಿಯಾಗಿ' ಹೊಡೆಯುವುದು ಅಥವಾ ಕ್ರೌರ್ಯದಿಂದ ಬದುಕನ್ನು ದುಃಖಮಯಗೊಳಿಸುವುದು ಎಂಬ ಅದರ ಮಾತುಗಳು 1939ರ ಕಾಯಿದೆಯಿಂದ ಹೆಚ್ಚುಕಡಿಮೆ ಯಥಾವತ್ತಾಗಿ ಬಂದಿದ್ದವು. 1939ರಲ್ಲಿ ಮುಂದಡಿಯಾಗಿದ್ದ ಪದ 2002ರಲ್ಲಿ ಹಿನ್ನಡೆಯಾಗಿತ್ತು. ವಿವಾಹವನ್ನು ಕೊನೆಗೊಳಿಸಲು ರೂಢಿಯಾದ ಹಿಂಸೆಯನ್ನು ಕೇಳುವುದು ಒಂದು. ರಕ್ಷಣೆ ಪಡೆಯಲು ಎಷ್ಟನೆಯ ಏಟಿನವರೆಗೆ ಕಾಯಬೇಕು ಎಂಬುದು ಇನ್ನೊಂದು. ಅದಲ್ಲದೆ, ಗಂಡ ತನ್ನ ಅಥವಾ ಇತರರ ಆಸ್ತಿಯ ರಕ್ಷಣೆಗಾಗಿ ಯುಕ್ತವಾಗಿ ನಡೆದುಕೊಂಡಿದ್ದರೆ ಕೆಲವು ಬಗೆಯ ಹಾನಿಯನ್ನು ದೌರ್ಜನ್ಯವೆಂದು ಪರಿಗಣಿಸಬಾರದೆಂಬ ವಿನಾಯಿತಿಯೂ ಅದರಲ್ಲಿತ್ತು. ಮಹಿಳಾ ಸಂಘಟನೆಗಳ ತೀವ್ರ ವಿರೋಧ ಮತ್ತು ಸಂಸದೀಯ ಸ್ಥಾಯಿ ಸಮಿತಿಯ ಪರಿಶೀಲನೆಯ ನಂತರ ಹೊಸ ವಿಧೇಯಕ ರೂಪುಗೊಂಡಿತು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮ, 2005 ಎಂಬ ಹೆಸರಿನ ಆ ಕಾಯಿದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು.

ಈ ಕಾಯಿದೆಯ 3ನೆಯ ಕಲಂ ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ ಮತ್ತು ಆರ್ಥಿಕ ದೌರ್ಜನ್ಯಗಳನ್ನು ವ್ಯಾಖ್ಯಾನಿಸುತ್ತದೆ. 'ರೂಢಿಯಾಗಿ' ಎಂಬ ಪದ ಅಲ್ಲಿಲ್ಲ. ಒಂದೇ ಕೃತ್ಯವೂ ಸಾಕು. ವಿವಾಹಿತೆಯರಲ್ಲದೆ ತಾಯಿ, ಸಹೋದರಿ, ವಿಧವೆ ಹಾಗೂ ವಿವಾಹ ಸ್ವರೂಪದ ಸಂಬಂಧದಲ್ಲಿ ಬಾಳುತ್ತಿರುವವರೂ ಅದರ ಆಶ್ರಯ ಪಡೆಯಬಹುದು. ದಂಡಾಧಿಕಾರಿಯ ಮುಂದೆ ಅರ್ಜಿ ಸಲ್ಲಿಸಿ ಸಂರಕ್ಷಣಾ ಆದೇಶ, ವಾಸದ ಆದೇಶ, ಹಣಕಾಸಿನ ಪರಿಹಾರ, ಮಕ್ಕಳ ವಶ ಇವುಗಳನ್ನು ಕೇಳಬಹುದು. ಆದೇಶವನ್ನು ಉಲ್ಲಂಘಿಸಿದಾಗ ಮಾತ್ರ ಒಂದು ವರ್ಷದವರೆಗಿನ ಸೆರೆವಾಸ ಅಥವಾ 20,000 ರೂಪಾಯಿಗಳವರೆಗಿನ ದಂಡ, ಇಲ್ಲವೇ ಎರಡೂ ಉಂಟು. ಹೀಗೆ ಸಿವಿಲ್ ಪರಿಹಾರದ ಹಿಂದೆ ಶಿಕ್ಷೆಯ ಬಲವನ್ನು ನಿಲ್ಲಿಸಲಾಯಿತು.

ವ್ಯಾಖ್ಯೆಗಿಂತಲೂ ಹೆಚ್ಚಿನ ನಾವೀನ್ಯ 17ನೆಯ ಕಲಮಿನಲ್ಲಿದೆ. ಕೌಟುಂಬಿಕ ಸಂಬಂಧದಲ್ಲಿರುವ ಪ್ರತಿಯೊಬ್ಬ ಮಹಿಳೆಗೂ ಕೂಡಿ ವಾಸಿಸಿದ ಮನೆಯಲ್ಲಿ, ಅದರ ಮೇಲೆ ಆಕೆಗೆ ಒಡೆತನವಿರಲಿ ಇಲ್ಲದಿರಲಿ, ವಾಸಿಸುವ ಹಕ್ಕಿದೆ ಎಂದು ಅದು ಸಾರಿತು. ಕಾನೂನು ಬಾಹಿರವಾಗಿ ಆಕೆಯನ್ನು ಹೊರಹಾಕುವಂತಿಲ್ಲ. ಅಗತ್ಯಬಿದ್ದರೆ ಹಿಂಸೆ ಮಾಡಿದ ಗಂಡಸೇ ಹೊರನಡೆಯುವಂತೆ ಆದೇಶಿಸಬಹುದು. ಅದುವರೆಗಿನ ಕಾನೂನು ಹಿಂಸೆಗೊಳಗಾದವಳ ಚಲನೆಯನ್ನು ಕುರಿತು ಯೋಚಿಸಿತ್ತು. ಹಿಂಸೆ ಮಾಡಿದವನು ಮನೆ ಬಿಡಬಹುದೆಂಬ ಕಲ್ಪನೆ ಭಾರತದ ಶಾಸನದಲ್ಲಿ ಸ್ಪಷ್ಟವಾಗಿ ಮೂಡಿದ್ದು ಇದೇ ಮೊದಲು.

ಈ ಹಕ್ಕು ಒಡೆತನದ ಹಳೆಯ ಪರಿಕಲ್ಪನೆಗೆ ನೇರವಾಗಿ ಎದುರಾಯಿತು. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ರಚಿಸಿದ ಮಿತಾಕ್ಷರದ ಕಾಲದಿಂದಲೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಜನ್ಮತಃ ಪಾಲುಂಟು; ಸೊಸೆಗೆ ಇದ್ದದ್ದು ಪೋಷಣೆಯ ಹಕ್ಕು. ಆಧುನಿಕ ನಗರಗಳಲ್ಲಿ ಅತ್ತೆ ಅಥವಾ ಮಾವನ ಸ್ವಯಾರ್ಜಿತ ಮನೆಯಲ್ಲಿ ದಂಪತಿಗಳು ವಾಸಿಸುವುದು ಸಾಮಾನ್ಯವಾದಾಗ ಆ ಪೋಷಣೆಯ ಹಕ್ಕಿಗೂ ನೆಲೆ ತಪ್ಪಿತು. ಕಾಯಿದೆ ಜಾರಿಗೆ ಬಂದ ಎರಡು ತಿಂಗಳೊಳಗೆ, 2006ರ ಡಿಸೆಂಬರ್ 15ರಂದು, ಬಾತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ವಾಸದ ಹಕ್ಕನ್ನು ತೀವ್ರವಾಗಿ ಸಂಕುಚಿತಗೊಳಿಸಿತು. ಅಲ್ಲಿ ತವರಿಗೆ ಹೋಗಿದ್ದ ಸೊಸೆ ಮರಳಿ ಬಂದಾಗ ಮನೆಗೆ ಬೀಗ ಬಿದ್ದಿತ್ತು. ಮನೆ ಅತ್ತೆಯ ಹೆಸರಿನಲ್ಲಿತ್ತು. ಗಂಡನಿಗೆ ಸೇರಿದ, ಆತ ಬಾಡಿಗೆಗೆ ಪಡೆದ ಅಥವಾ ಆತ ಸದಸ್ಯನಾಗಿರುವ ಅವಿಭಕ್ತ ಕುಟುಂಬದ ಮನೆ ಮಾತ್ರ ಕೂಡಿ ವಾಸಿಸಿದ ಮನೆ ಎನಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ಮನೆಯನ್ನು ತಂದೆತಾಯಿಯರ ಹೆಸರಿನಲ್ಲಿ ಇರಿಸಿಕೊಂಡರೆ ಕಾಯಿದೆಯಿಂದ ಪಾರಾಗಬಹುದೆಂಬ ಅರ್ಥ ಅದರಿಂದ ಹೊಮ್ಮಿತು. ವ್ಯಾಖ್ಯೆ ಎಷ್ಟೇ ವಿಶಾಲವಾಗಿದ್ದರೂ ಸೂರು ಕೈತಪ್ಪಿದಾಗ ಅದರ ಪ್ರಯೋಜನ ಎಷ್ಟು ಎಂಬುದು ಮುಂದಿನ ಹದಿನಾಲ್ಕು ವರ್ಷಗಳ ಮೊಕದ್ದಮೆಗಳಲ್ಲಿ ಮತ್ತೆಮತ್ತೆ ಕಾಣಿಸಿಕೊಂಡಿತು.

2020ರ ಅಕ್ಟೋಬರ್ 15ರಂದು ಅಹುಜಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಬಾತ್ರಾ ತೀರ್ಪನ್ನು ತಳ್ಳಿಹಾಕಿತು. ಮನೆ ಯಾರ ಹೆಸರಿನಲ್ಲಿದೆ ಎಂಬುದಲ್ಲ, ಆ ಮಹಿಳೆ ಅದರಲ್ಲಿ ಸ್ಥಿರವಾಗಿ ಬಾಳಿದ್ದಾಳೆಯೇ ಎಂಬುದು ನಿರ್ಣಾಯಕವಾಯಿತು. ಆದರೂ ವೃದ್ಧ ಮಾಲೀಕರ ನೆಮ್ಮದಿಯನ್ನೂ ತೂಗಿನೋಡಬೇಕು, ಈ ಹಕ್ಕು ನಿರಪೇಕ್ಷವಲ್ಲ ಎಂದು ಪೀಠ ಎಚ್ಚರಿಸಿತು.

ಈ ತೂಗುವಿಕೆಯ ಕಷ್ಟ ಎರಡೇ ತಿಂಗಳಲ್ಲಿ ಬೆಂಗಳೂರಿನ ಮೊಕದ್ದಮೆಯೊಂದರಲ್ಲಿ ಎದುರಾಯಿತು. ವನಿತಾ ಪ್ರಕರಣವೆಂದು ಪ್ರಸಿದ್ಧವಾದ ಇದರಲ್ಲಿ ಗಂಡ ವಿವಾಹಕ್ಕೆ ಮುನ್ನ ಕೊಂಡಿದ್ದ ನಿವೇಶನ ಮುಂದೆ ತಂದೆಗೆ ಮಾರಾಟವಾಗಿ, ವಿಚ್ಛೇದನದ ವ್ಯಾಜ್ಯ ಆರಂಭವಾದ ಮೇಲೆ ತಾಯಿಗೆ ದಾನಪತ್ರದ ಮೂಲಕ ಸೇರಿತ್ತು. ಬಳಿಕ ಹಿರಿಯ ನಾಗರಿಕರ ಪೋಷಣೆಗಾಗಿ ಇರುವ 2007ರ ಅಧಿನಿಯಮದಡಿ ಅರ್ಜಿ ಸಲ್ಲಿಸಿ ಸೊಸೆಯನ್ನು ತೆರವುಗೊಳಿಸಲು ಉಪವಿಭಾಗಾಧಿಕಾರಿಯಿಂದ ಆದೇಶ ಪಡೆಯಲಾಗಿತ್ತು. ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿದಿತ್ತು. 2020ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ವೃದ್ಧರ ರಕ್ಷಣೆಗೆಂದು ರಚಿತವಾದ ಕಾಯಿದೆ ಮತ್ತು ಮಹಿಳೆಯರ ರಕ್ಷಣೆಗೆಂದು ರಚಿತವಾದ ಕಾಯಿದೆ ಎರಡನ್ನೂ ಒಟ್ಟಿಗೆ ಓದಬೇಕು, ಒಂದನ್ನು ಇನ್ನೊಂದರ ವಿರುದ್ಧ ಸಾಧನವಾಗಿ ಬಳಸಬಾರದು ಎಂಬುದು ಈ ತೀರ್ಪಿನ ತಿರುಳು. ಬಾತ್ರಾ ತೀರ್ಪು ಬಂದು ಅಂದಿಗೆ ಸರಿಯಾಗಿ ಹದಿನಾಲ್ಕು ವರ್ಷಗಳಾಗಿದ್ದವು. ಮುಂದೆ 2022ರ ಮೇ 12ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಬರೆದ ತೀರ್ಪು, ದೌರ್ಜನ್ಯ ನಡೆದಾಗ ಆ ಮನೆಯಲ್ಲಿ ವಾಸ್ತವವಾಗಿ ವಾಸಿಸದಿದ್ದ ವಿಧವೆಗೂ ವಾಸದ ಹಕ್ಕಿದೆ ಎಂದು ಸ್ಪಷ್ಟಪಡಿಸಿತು. ಬೀಗ ಹಾಕಿ ಹೊರಗಿಟ್ಟವಳನ್ನು ಹೊರಗಿದ್ದಾಳೆಂಬ ಕಾರಣಕ್ಕೇ ನಿರಾಕರಿಸುವ ತರ್ಕ ಇದರಿಂದ ಕೊನೆಗೊಂಡಿತು.

5. ಉಳಿದಿರುವ ಮಿತಿಗಳು

ವಾಸದ ಹಕ್ಕಿಗೂ ಗಡಿಗಳಿವೆ. ಕರ್ನಾಟಕದಿಂದಲೇ ಹೋದ ಇಂದ್ರಾ ಶರ್ಮಾ ಪ್ರಕರಣದಲ್ಲಿ, ವಿವಾಹಿತ ಪುರುಷನೊಡನೆ ದೀರ್ಘಕಾಲ ಬಾಳಿದ ಮಹಿಳೆಯ ಸಂಬಂಧ ವಿವಾಹ ಸ್ವರೂಪದ್ದಲ್ಲವೆಂದು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಅಂತಹವರ ನಿರಾಶ್ರಿತ ಸ್ಥಿತಿಯನ್ನು ಗುರುತಿಸಿಯೂ ಪರಿಹಾರವನ್ನು ಸಂಸತ್ತಿಗೆ ಬಿಟ್ಟಿತು. ಲೈಂಗಿಕ ದೌರ್ಜನ್ಯ 2005ರ ಕಾಯಿದೆಯ ವ್ಯಾಖ್ಯೆಯಲ್ಲಿದೆ. ಆದರೆ ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರವನ್ನು ಅತ್ಯಾಚಾರದ ವ್ಯಾಖ್ಯೆಯಿಂದ ಹೊರಗಿಡುವ ವಿನಾಯಿತಿ 2023ರ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಮುಂದುವರಿದಿದೆ. 2022ರ ಮಾರ್ಚ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಪಡಿಸಲು ನಿರಾಕರಿಸಿದಾಗ ಈ ವಿನಾಯಿತಿ ತೀವ್ರ ಚರ್ಚೆಗೆ ಒಳಗಾಯಿತು. ಅದೇ ವರ್ಷ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆಯಾಜ್ಞೆ ನೀಡಿತು.

ಅನುಷ್ಠಾನದ ಮಿತಿಗಳು ಇನ್ನೂ ಹೆಚ್ಚಿನವು. ಅರ್ಜಿಗಳನ್ನು ಅರವತ್ತು ದಿನಗಳೊಳಗೆ ಇತ್ಯರ್ಥಪಡಿಸಲು ಯತ್ನಿಸಬೇಕೆಂದು ಕಾಯಿದೆಯ 12ನೆಯ ಕಲಂ ಹೇಳುತ್ತದೆ. ಸಂತ್ರಸ್ತೆಗೂ ನ್ಯಾಯಾಲಯಕ್ಕೂ ನಡುವಣ ಕೊಂಡಿಯಾಗಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ಅನೇಕ ರಾಜ್ಯಗಳಲ್ಲಿ ಇತರ ಕೆಲಸಗಳಿರುವ ಅಧಿಕಾರಿಗಳಿಗೇ ವಹಿಸಲಾಯಿತು. ಕಾಯಿದೆ ಜಾರಿಗೆ ಬಂದು ಹದಿನೆಂಟು ವರ್ಷಗಳಾದ ಮೇಲೂ, 2025ರ ಮೇ ತಿಂಗಳಲ್ಲಿ, ಜಿಲ್ಲೆ ಹಾಗೂ ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಪಡಿಸುವಂತೆ ಸರ್ವೋಚ್ಚ ನ್ಯಾಯಾಲಯ ರಾಜ್ಯಗಳಿಗೆ ನಿರ್ದೇಶಿಸಬೇಕಾಗಿ ಬಂದಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವರ್ಷ ವಯಸ್ಸಿನ ವಿವಾಹಿತೆಯರಲ್ಲಿ ಶೇಕಡಾ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ತಿಳಿಸಿದರು. ನಾಲ್ಕನೆಯ ಸುತ್ತಿನಲ್ಲಿ (2015–16) ಈ ಪ್ರಮಾಣ ಶೇಕಡಾ 20.6 ಆಗಿತ್ತು. ಇದು ಹಿಂಸೆಯ ಹೆಚ್ಚಳವೋ ಹೇಳಿಕೊಳ್ಳುವ ಧೈರ್ಯದ ಹೆಚ್ಚಳವೋ ಎಂಬುದನ್ನು ಅಂಕಿ ಮಾತ್ರದಿಂದ ನಿರ್ಣಯಿಸಲಾಗದು. ಆದರೆ ಅದೇ ಸಮೀಕ್ಷೆಯ ಪ್ರಕಾರ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದವರಲ್ಲಿ ಯಾರಿಂದಲಾದರೂ ನೆರವು ಕೇಳಿದವರು ಶೇಕಡಾ 14ರಷ್ಟು ಮಾತ್ರ.

ಉಪಸಂಹಾರ

1867ರಿಂದ ಇಂದಿನವರೆಗಿನ ಈ ಚರಿತ್ರೆಯಲ್ಲಿ ಕ್ರೌರ್ಯದ ವ್ಯಾಖ್ಯೆ ಏಕಮುಖವಾಗಿ ಬೆಳೆಯಲಿಲ್ಲ ಎಂಬುದು ಮೇಲಿನ ಪರಿಶೀಲನೆಯಿಂದ ತಿಳಿದುಬರುತ್ತದೆ. ಆರ್ಥಿಕ ಹಿಂಸೆಯನ್ನು 1939ರಲ್ಲಿ ಹೆಸರಿಸಿದ ಶಾಸನ ಪರಂಪರೆಯೇ 1955ರಲ್ಲಿ ಯುಕ್ತ ಭಯವನ್ನು ಕೇಳಿತು. 1975ರಲ್ಲಿ ಕೈಬಿಟ್ಟ ಸೂತ್ರ 1983ರಲ್ಲಿ ಮರಳಿತು. 2005ರಲ್ಲಿ ದೊರೆತ ಮನೆ 2006ರಲ್ಲಿ ಕೈಜಾರಿ 2020ರಲ್ಲಿ ಮತ್ತೆ ದೊರೆಯಿತು. ಈ ಏರಿಳಿತಗಳ ಒಳಗೆ ಸ್ಥಿರವಾಗಿ ಕಾಣುವುದು ಮನೆಯ ಪ್ರಶ್ನೆ. ಹಿಂಸೆ ಯಾವುದೆಂದು ಒಪ್ಪಿಕೊಳ್ಳಲು ಕಾನೂನು ಹಿಂಜರಿದದ್ದಕ್ಕಿಂತ ಹೆಚ್ಚಾಗಿ, ಒಡೆತನವಿಲ್ಲದವಳಿಗೂ ಮನೆ ಇದೆ ಎಂದು ಒಪ್ಪಿಕೊಳ್ಳಲು ಹಿಂಜರಿಯಿತು. ಆದ್ದರಿಂದ ಮುಂದಿನ ಅಧ್ಯಯನಗಳು ತೀರ್ಪುಗಳ ಮಾತುಗಳಿಗೆ ಸೀಮಿತವಾಗದೆ, ತಾಲ್ಲೂಕು ಮಟ್ಟದ ನ್ಯಾಯಾಲಯಗಳಲ್ಲಿ ವಾಸದ ಆದೇಶಗಳು ಎಷ್ಟರಮಟ್ಟಿಗೆ ದೊರೆಯುತ್ತವೆ, ದೊರೆತ ಆದೇಶದ ಬಲದಿಂದ ಎಷ್ಟು ಮಂದಿ ನಿಜವಾಗಿ ಮನೆಯೊಳಗೆ ಉಳಿಯಬಲ್ಲರು ಎಂಬುದನ್ನು ದಾಖಲಿಸಬೇಕಾಗಿದೆ. ಕೌಟುಂಬಿಕ ದೌರ್ಜನ್ಯದ ಕಾನೂನು ಏನನ್ನು ಸಾಧಿಸಿತು ಎಂಬುದರ ನಿಜವಾದ ಲೆಕ್ಕ ಅಲ್ಲಿದೆ.